ನೋಟಿಫಿಕೇಶನ್ ಬೀಳದ ಜೀವಶಾಸ್ತ್ರ

ಸಂಜೆ ಹೊತ್ತು ಧಾರವಾಡದ ಸಪ್ತಾಪುರದಲ್ಲಿ ಚಹಾದಂಗಡಿ ಮುಂದೆ ನಿಂತರೆ ಕಿವಿಗೆ ಬೀಳುವ ಮಾತು ಒಂದೇ: ‘ನೋಟಿಫಿಕೇಶನ್ ಬಿತ್ತೇನಲೇ?’ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಯಾವುದೇ ಇರಲಿ, ಹುದ್ದೆಗೊಂದು ಹೆಸರು, ಹೆಸರಿಗೊಂದು ಸಿಲೆಬಸ್ಸು, ಸಿಲೆಬಸ್ಸಿಗೊಂದು ಗೈಡು. ಆ ಗುಂಪಿನಲ್ಲೇ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ಹುಡುಗಿಯೊಬ್ಬಳಿದ್ದು, ಅವಳಿಗೆ ‘ಇವೊ-ಡೆವೊ’ ಎಂಬ ಜೀವಶಾಸ್ತ್ರದ ಶಾಖೆಯ ಹುಚ್ಚು ಹಿಡಿದಿದ್ದರೆ ಪಾಡು ಬೇರೆ. ಆ ಹೆಸರಿನಲ್ಲಿ ನೋಟಿಫಿಕೇಶನ್ ಬೀಳುವುದು ಇಲ್ಲವೆನ್ನುವಷ್ಟು ಅಪರೂಪ. ಯಾಕೆಂದು ಕೇಳಿದರೆ ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ಮೊದಲು ವಿಷಯ ಏನೆಂದು ನೋಡೋಣ. ಮಾವಿನ ಹಂಗಾಮಿನಲ್ಲಿ ಕಳಿತ ಆಪೂಸಿಗೆ ಮುಕುರುವ ಸಣ್ಣ ನೊಣ ಗೊತ್ತಲ್ಲ? ಚಿಟ್ಟೆಗೆ, ಜೇನಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಪುಟ್ಟ ಗದೆಯಂಥ ಎರಡು ಗುಬುಟುಗಳಿವೆ, ಹೆಸರು ಹಾಲ್ಟಿಯರ್. ಹಾರುವಾಗ ಆಯ ತಪ್ಪದಂತೆ ಕಾಯುವುದು ಅವುಗಳ ಕೆಲಸ. ರೆಕ್ಕೆ ಗದೆಯಾದದ್ದು ವಿಕಾಸದ ಕಥೆ. ಆದರೆ ಆ ಬದಲಾವಣೆ ಆಗಬೇಕಾದದ್ದು ಮೊಟ್ಟೆಯಿಂದ ನೊಣವಾಗುವ ದಾರಿಯಲ್ಲೇ. ವಿಕಾಸ, ಬೆಳವಣಿಗೆ ಈ ಎರಡನ್ನೂ ಒಟ್ಟಿಗೆ ಓದುವುದೇ ಇವೊ-ಡೆವೊ, ಅಂದರೆ ಎವಲ್ಯೂಷನರಿ ಡೆವಲಪ್‌ಮೆಂಟಲ್ ಬಯಾಲಜಿ.

ಕೇಳಲು ಇಷ್ಟು ಸಹಜವೆನಿಸಿದರೂ ಓದಿನಲ್ಲಿ ಇವೆರಡು ಬೇರೆಬೇರೆ. ನಾನು ಕಲಿತ ಕಾಲೇಜಿನಲ್ಲಿ 48 ತಾಸಿನ ಕೋಳಿ ಭ್ರೂಣದ ಸ್ಲೈಡು ಒಂದೇ ಇತ್ತು, ಅದರ ಗಾಜೂ ಸೀಳಿತ್ತು. ಸರದಿಯಲ್ಲಿ ನಿಂತು ನೋಡಿ, ಜರ್ನಲ್ಲಿನಲ್ಲಿ ಚಿತ್ರ ತೆಗೆದು, ಸಹಿ ಹಾಕಿಸಿಕೊಂಡೆವು. ಡಾರ್ವಿನ್ ಬಂದದ್ದು ಬೇರೆ ಪೇಪರಿನಲ್ಲಿ. ಆತನಿಗೂ ಆ ಕೋಳಿಮರಿಗೂ ನಂಟಿದೆ ಎಂದು ಯಾರೂ ಹೇಳಲಿಲ್ಲ.

ಈ ಒಡಕಿಗೆ ಮೊದಲ ಕಾರಣ ಅತಿಯಾದ ಸಲಿಗೆ. ಜೀವಿಗಳ ಭ್ರೂಣಗಳು ಮೊದಮೊದಲು ಒಂದನ್ನೊಂದು ಹೋಲುತ್ತವೆ, ಬರಬರುತ್ತ ಬೇರೆಯಾಗುತ್ತವೆ ಎಂದು ಭ್ರೂಣಶಾಸ್ತ್ರಜ್ಞ ಫಾನ್ ಬೇರ್ 1828ರಲ್ಲೇ ಬರೆದಿದ್ದ. 1866ರಲ್ಲಿ ಜರ್ಮನಿಯ ಹೆಕೆಲ್ ಅಲ್ಲಿಗೇ ನಿಲ್ಲದೆ, ಭ್ರೂಣ ಬೆಳೆಯುವಾಗ ತನ್ನ ಪೂರ್ವಜರ ಚರಿತ್ರೆಯನ್ನೇ ಮರಳಿ ಆಡಿ ತೋರಿಸುತ್ತದೆ ಎಂದುಬಿಟ್ಟ. ಆತನ ಚಿತ್ರಗಳ ಮೇಲೆ ತಿದ್ದಿದ ಆರೋಪ ಬಂತು, ಸಿದ್ಧಾಂತವೂ ನಿಲ್ಲಲಿಲ್ಲ. ಭ್ರೂಣಶಾಸ್ತ್ರಜ್ಞರು ವಿಕಾಸದ ಗೊಡವೆಯೇ ಬೇಡವೆಂದು ಪ್ರಯೋಗಕ್ಕೆ ಕೂತರು. ಭ್ರೂಣಗಳ ಅಧ್ಯಯನದಿಂದಲೇ ಶುರುಮಾಡಿದ್ದ ಅಮೆರಿಕದ ಮಾರ್ಗನ್ ಹಣ್ಣಿನ ನೊಣ ಹಿಡಿದು ತಳಿಶಾಸ್ತ್ರಕ್ಕೆ ಹೊರಳಿದ. 1930–40ರ ದಶಕಗಳಲ್ಲಿ ಡಾರ್ವಿನ್ ಮತ್ತು ಮೆಂಡೆಲ್ ವಿಚಾರಗಳನ್ನು ಬೆಸೆದು ಹೊಸ ವಿಕಾಸವಾದ ಕಟ್ಟಿದಾಗ ಭ್ರೂಣಶಾಸ್ತ್ರ ಹೆಚ್ಚುಕಡಿಮೆ ಹೊರಗೇ ಉಳಿಯಿತು.

ಮತ್ತೆ ಬಾಗಿಲು ತೆರೆದದ್ದೂ ಮಾರ್ಗನ್ನನ ನೊಣಗಳೇ. ಆತನ ಶಿಷ್ಯ ಬ್ರಿಜಸ್ 1915ರಲ್ಲಿ ಒಂದು ವಿಚಿತ್ರ ನೊಣ ಕಂಡಿದ್ದ: ಹಾಲ್ಟಿಯರ್ ರೆಕ್ಕೆಯತ್ತ ತಿರುಗಿತ್ತು. ಆ ಎಳೆ ಹಿಡಿದು ದಶಕಗಟ್ಟಲೆ ಕೂತ ಎಡ್ವರ್ಡ್ ಲೂಯಿಸ್ ಕೊನೆಗೆ ನಾಲ್ಕು ರೆಕ್ಕೆಯ ನೊಣವನ್ನೇ ಬೆಳೆಸಿದ. ಆತನ ಪ್ರಸಿದ್ಧ ಪ್ರಬಂಧ ಬಂದದ್ದು 1978ರಲ್ಲಿ. 1984ರ ಹೊತ್ತಿಗೆ ಇನ್ನೊಂದು ಅಚ್ಚರಿ ಕಾದಿತ್ತು: ನೊಣದ ಮೈ ರೂಪಿಸುವ ಜೀನ್‌ಗಳಲ್ಲಿನ ಒಂದು ತುಣುಕು ಕಪ್ಪೆಯಲ್ಲೂ ಇಲಿಯಲ್ಲೂ ಸಿಕ್ಕಿತು. 1995ರಲ್ಲಿ ಇಲಿಯ ಕಣ್ಣಿನ ಜೀನ್ ನೊಣದೊಳಗೆ ಹಾಕಿದಾಗ ಇರಬಾರದ ಕಡೆ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ ಕಣ್ಣು! ಅದೇ ವರ್ಷ ಲೂಯಿಸ್, ಇದೇ ನೊಣದ ಭ್ರೂಣ ಓದಿದ ನುಸ್ಲೈನ್-ಫೋಲ್‌ಹಾರ್ಡ್, ವೀಷೌಸ್ ಮೂವರಿಗೆ ನೊಬೆಲ್.

ವಿಜ್ಞಾನ ಪತ್ರಿಕೆಗಳು ಬೇಗ ಹೆಸರು ಬದಲಿಸಿಕೊಂಡವು. 1894ರಲ್ಲಿ ವಿಲ್ಹೆಲ್ಮ್ ರೂ ಎಂಬ ವಿಜ್ಞಾನಿ ಆರಂಭಿಸಿದ ಜರ್ಮನ್ ಭ್ರೂಣಶಾಸ್ತ್ರ ಪತ್ರಿಕೆ 1996ರಲ್ಲಿ ಹೆಸರಿಗೆ ‘ವಿಕಾಸ’ ಸೇರಿಸಿಕೊಂಡಿತು. 1999ರಲ್ಲಿ ಈ ವಿಷಯಕ್ಕೆಂದೇ ಪತ್ರಿಕೆ ಹುಟ್ಟಿತು. ವಿಶ್ವವಿದ್ಯಾಲಯಗಳ ವಿಭಾಗಗಳ ಬೋರ್ಡು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

ನಮ್ಮೂರಿನ ನಂಟನ್ನೇ ನೋಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿದ ಎಲ್.ಎಸ್. ಶಶಿಧರ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿ, ಹೈದರಾಬಾದಿನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲೂ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲೂ ಅದೇ ಹಾಲ್ಟಿಯರ್ ಹಿಂದೆ ಬಿದ್ದರು. ರೆಕ್ಕೆ ಆಗಬೇಕಿದ್ದುದನ್ನು ಗದೆಯಾಗಿಸುವ ಅಲ್ಟ್ರಾಬೈಥೊರಾಕ್ಸ್ ಎಂಬ ಜೀನ್ ಅವರು ಬಿಡಿಸಹೊರಟ ಗಂಟು. ಕೃಷಿ ಪದವಿಯಿಂದ ಹೊರಟ ದಾರಿ ಇದು! ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ನೆಲಗಪ್ಪೆಯ ಗೊದಮೊಟ್ಟೆ ಒಡಹುಟ್ಟಿದವರ ಗುರುತು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿದರು. ಬೆಳವಣಿಗೆ, ವಿಕಾಸ ಎರಡನ್ನೂ ಮುಟ್ಟುವ ಕೆಲಸವದು.

ಇನ್ನು ಸಪ್ತಾಪುರದ ಹುಡುಗಿಯ ಪಾಡು. ಸಂಶೋಧನೆಗೆ ಹೋಗಲು ಅವಳು ಬರೆಯಬೇಕಾದ ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್ ಸಿಲೆಬಸ್ಸಿನಲ್ಲಿ 13 ಘಟಕ. ಬೆಳವಣಿಗೆಯ ಜೀವಶಾಸ್ತ್ರ ಐದನೆಯದು, ವಿಕಾಸ ಹನ್ನೊಂದನೆಯದು. ಹಳೆಯ ಒಡಕು ಅಲ್ಲಿ ಹಾಗೇ ಉಳಿದಿದೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಂಥ ಕಡೆ ಸೇರಲು ಜೀಬಿಲ್ಸ್ (JGEEBILS) ಎಂಬ ಇನ್ನೊಂದು ಪರೀಕ್ಷೆಯ ದಾರಿಯೂ ಇದೆ. ಯುರೋಪಿನಲ್ಲಿ ಪಿಎಚ್‌ಡಿಯನ್ನು ಬಹಳ ಕಡೆ ಸಂಬಳದ ಕೆಲಸವೆಂದೇ ಜಾಹೀರು ಮಾಡುತ್ತಾರೆ, ನೆಟ್ ಕೇಳುವುದಿಲ್ಲ. ಆದರೆ ಆ ಜಾಹೀರಾತಿನ ತಲೆಬರಹದಲ್ಲಿ ವಿಷಯದ ಹೆಸರು ಇರದೆ ಪ್ರಾಣಿಯ ಹೆಸರೇ ಇದ್ದೀತು: ಸಗಣಿಹುಳದ ಕೊಂಬು, ಗುಹೆಮೀನಿನ ಕುರುಡುಗಣ್ಣು, ಚಿಟ್ಟೆಯ ರೆಕ್ಕೆ. ಹುಡುಕಬೇಕಾದ ಪದಗಳು ಇವು.

ಅಂಥ ಅರ್ಜಿಗೆ ಒಂದು ಪತ್ರ ಬರೆಯಬೇಕು, ಇದೇ ಪ್ರಾಣಿ ಯಾಕೆ ಎಂದು. ಹಿತ್ತಲ ಕರಿಬೇವಿನ ಗಿಡದಲ್ಲಿ ಮೊದಲು ಹಕ್ಕಿ ಹಿಕ್ಕೆಯಂತೆ, ಆಮೇಲೆ ಹಸಿರಾಗಿ ಕಾಣುವ ಹುಳ ಸಿಗುತ್ತದಲ್ಲ, ಅದರ ಒಂದು ಜಾತಿ ಕಾಮನ್ ಮಾರ್ಮನ್ ಚಿಟ್ಟೆ. ಅದರ ಕೆಲವು ಹೆಣ್ಣುಗಳು ವಿಷದ ಚಿಟ್ಟೆಯ ವೇಷ ತೊಡುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್‌ನಿಂದ ಎಂದು ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಆ ಹುಳ ತಂದು ಬಾಟಲಿಯಲ್ಲಿ ಸಾಕಿ, ಎಷ್ಟನೇ ದಿನ ಪೊರೆ ಕಳಚಿತು, ಎಂದು ಹಸಿರಾಯಿತು, ಯಾವ ವೇಷದ ಹೆಣ್ಣು ಹೊರಬಿತ್ತು ಎಂದು ತಾರೀಖು ಹಾಕಿ ಬರೆದಿಟ್ಟ ಒಂದು ನೋಟ್‌ಬುಕ್ ಇದ್ದರೆ, ಪತ್ರ ಅಲ್ಲಿಂದಲೇ ಶುರುವಾಗಬಹುದು.