ಪಾಲುಪಟ್ಟಿಯಲ್ಲಿ ಕಾಣದ ಕೊಡಗು

ಕೊಡಗಿನ ತೋಟದವರು ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು). ಅದೇ ನೀರು ಕುಶಾಲನಗರ ದಾಟಿ ಕೆಆರ್‌ಎಸ್ ಸೇರಿತೆಂದರೆ ಲೆಕ್ಕ ಟಿಎಂಸಿ, ಕ್ಯೂಸೆಕ್‌ಗೆ ತಿರುಗುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಇಡೀ ದಿನ ಸುಮಾರು 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ಬರ ಬಂದಾಗಲೆಲ್ಲ ಕಾವೇರಿಯ ಜಗಳ ಟಿಎಂಸಿಯಲ್ಲಿ ನಡೆಯುತ್ತದೆ. ಸೆಂಟಿನ ಲೆಕ್ಕ ಮಾತ್ರ ಆ ಚರ್ಚೆಯೊಳಗೆ ಬಂದಿಲ್ಲ.

ಇದಕ್ಕೆ ಕಾರಣ ಹಳೆಯದು. 1892ರಲ್ಲಿ ಮತ್ತು 1924ರಲ್ಲಿ ಆದ ಒಪ್ಪಂದಗಳು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವಿನವು. 1834ರಲ್ಲೇ ಬ್ರಿಟಿಷರ ಕೈಸೇರಿದ್ದ ಕೊಡಗು ಆಗ ಬೇರೆಯೇ ಪ್ರಾಂತ್ಯ. ನದಿ ಹುಟ್ಟುವ ನೆಲದ ಸಹಿ ಅವೆರಡರಲ್ಲೂ ಇಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಬಂದದ್ದೂ ಅದೇ ವರ್ಷ. ಆ ಕಾಯ್ದೆಯ ಮುಂದೆ ನಿಲ್ಲುವುದು ರಾಜ್ಯ, ಜಿಲ್ಲೆಯಲ್ಲ.

ಮುಂದಿನದು ಬಹುತೇಕರಿಗೆ ಗೊತ್ತು: 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶ, 2007ರಲ್ಲಿ ಅಂತಿಮ ತೀರ್ಪು, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಾಡಿದ ತಿದ್ದುಪಡಿ. ಈಗ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ. ನದಿ ಯಾವ ರಾಜ್ಯದ ಸ್ವತ್ತೂ ಅಲ್ಲ, ಎಲ್ಲರಿಗೂ ನ್ಯಾಯವಾದ ಪಾಲಿದೆ ಎಂಬುದು ಇದರ ತಳಹದಿ. ಅದರಲ್ಲಿ ತಕರಾರಿಲ್ಲ. ತೊಡಕಿರುವುದು ಹಂಚಿಕೊಂಡ ಮೊತ್ತದಲ್ಲಿ. 740 ಟಿಎಂಸಿ ಎಂಬ ಅಂದಾಜು ಶೇ 50ರ ಭರವಸೆಯದ್ದು. ಎಂದರೆ, ಸರಾಸರಿ ಎರಡು ವರ್ಷದಲ್ಲಿ ಒಂದು ವರ್ಷ ಅಷ್ಟು ನೀರೇ ಇರುವುದಿಲ್ಲ. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂದು ತೀರ್ಪೇ ಹೇಳುತ್ತದೆ. ಮಳೆಗಾಲ ಇನ್ನೂ ಮುಗಿಯದ ಆಗಸ್ಟ್‌ನಲ್ಲಿ ಕೊರತೆ ಎಷ್ಟು ಎಂದು ಹೇಳುವವರು ಯಾರು? ಬೀದಿಗೆ ಬರುವ ಜಗಳದ ಮೂಲ ಇಲ್ಲಿದೆ.

ಇನ್ನು ಕೊಡಗಿನೊಳಗಿನ ನೀರು. ಇದರ ಕಥೆ 1882ರ ಈಸ್‌ಮೆಂಟ್ ಕಾಯ್ದೆಯಿಂದ, ಎಂದರೆ ಅಕ್ಕಪಕ್ಕದ ಜಮೀನಿನವರ ದಾರಿ, ನೀರಿನಂಥ ಹಕ್ಕುಗಳ ಕಾಯ್ದೆಯಿಂದ ಶುರುವಾಗುತ್ತದೆ. ಆರಂಭದಲ್ಲಿ ಅದು ಜಾರಿಯಾದ ಮೂರೇ ಕಡೆಗಳಲ್ಲಿ ಕೊಡಗೂ ಒಂದು. ಉಳಿದೆರಡು ಮದ್ರಾಸ್ ಮತ್ತು ಮಧ್ಯ ಪ್ರಾಂತ್ಯ. ಹೊಳೆಗೆ ತಾಗಿದ ಜಮೀನಿನವನು ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ, ಆ ಜಮೀನಿನ ಬೆಳೆಗೆ ನೀರು ತೆಗೆಯಬಹುದು. ಅಂಥದೇ ಹಕ್ಕಿರುವ ಕೆಳಗಿನವರಿಗೆ ಹಾನಿಯಾಗಬಾರದು. ತನ್ನ ನೆಲದಡಿಯ ನೀರು ಮಾತ್ರ ಭೂಮಾಲೀಕನದೇ. ಕೆರೆ, ತೋಡು, ಏತದ ಕಾಲಕ್ಕೆ ಇಷ್ಟು ಸಾಕಿತ್ತು.

ರೊಬಸ್ಟಾ ಕಾಫಿಗೆ ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ, ಎಂದರೆ ಹೂ ಅರಳಿಸುವ ಮಳೆ ಬೇಕು, ಒಂದಿಂಚಾದರೂ. ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೀಳಬೇಕು. ಇಲ್ಲದಿದ್ದರೆ ಕಾಯಿ ಕಟ್ಟುವುದು ಕುಂದುತ್ತದೆ. ಮಳೆ ಕೈಕೊಟ್ಟರೆ ಮೋಟಾರು, ಸ್ಪ್ರಿಂಕ್ಲರ್. ವರ್ಷದ ಫಸಲು ಆ ಕೆಲವು ದಿನಗಳ ಮೇಲೆ ನಿಂತಿರುವಾಗ ಹೊಳೆಗೆ ಪೈಪು ಇಳಿಸಿದವರನ್ನು ಬೈಯಲು ನನಗೆ ಮನಸ್ಸಾಗದು. ಆದರೆ ಹೊಳೆ ತೀರಾ ತೆಳ್ಳಗಾಗುವುದೂ ಅದೇ ವಾರಗಳಲ್ಲಿ. ದುಬಾರೆಯಲ್ಲಿ ಬಂಡೆಗಳು ಎದ್ದು ಕಾಣುತ್ತವೆ, ಕೆಳಗಿನ ಪೇಟೆಗಳ ಕುಡಿಯುವ ನೀರಿಗೆ ತತ್ವಾರ ಬರುತ್ತದೆ. ಆಗ ಜಿಲ್ಲಾಡಳಿತ ನದಿಯಿಂದ ನೀರೆತ್ತುವುದನ್ನು ನಿಷೇಧಿಸುತ್ತದೆ. ಹೊಳೆ ದಂಡೆಯಲ್ಲಿ ಜಮೀನಿಲ್ಲದವರು ಬೋರ್‌ವೆಲ್ ಕೊರೆಸುತ್ತಾರೆ, ನದಿಯ ನಿಷೇಧ ಅದಕ್ಕೆ ತಟ್ಟದು. ಹೊಳೆಯ ನೀರು ಮತ್ತು ನೆಲದಡಿಯ ನೀರು ಒಂದೇ ಎಂಬುದನ್ನು 1882ರ ಕಾಯ್ದೆ ಕಂಡಿರಲಿಲ್ಲ.

ಹಾರಂಗಿಯನ್ನು ಬಿಟ್ಟು ಈ ಮಾತು ಪೂರ್ತಿಯಾಗದು. 8.5 ಟಿಎಂಸಿಯ ಈ ಅಣೆಕಟ್ಟು ಇರುವುದು ಕೊಡಗಿನಲ್ಲಿ. ನಾಲೆಗಳು ಹೆಚ್ಚಾಗಿ ಹೋಗುವುದು ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡಿನ ಕಡೆಗೆ. ಅಲ್ಲಿನ ಒಣಭೂಮಿಗೆ ಅದು ಜೀವ ಕೊಟ್ಟಿದೆ, ಕೊಡಬೇಕಾದದ್ದೇ. ಮಲೆಯ ನೀರು ಬಯಲಿಗೆ ಇಳಿಯುವುದು ಅನ್ಯಾಯವಲ್ಲ. ನೀರನ್ನು ತಡೆದು ನಿಧಾನಕ್ಕೆ ಬಿಡುವ ಮಲೆಯ ನೆಲಕ್ಕೆ ಯಾವ ಲೆಕ್ಕದಲ್ಲೂ ಬೆಲೆ ಇಲ್ಲದಿರುವುದು ಅನ್ಯಾಯ.

ಗದ್ದೆಯನ್ನೇ ನೋಡಿ. ನ್ಯಾಯಮಂಡಳಿಯ ಕಡತದಲ್ಲಿ ಭತ್ತವೆಂದರೆ ನೀರು ಕುಡಿಯುವ ಬೆಳೆ. ಕೊಡಗಿನಲ್ಲಿ ಅದು ಮಳೆ ನೀರು ನಿಲ್ಲುವ ಜಾಗವೂ ಹೌದು. ಎರಡು ಬಾಣೆಗಳ (ಗದ್ದೆಯ ಪಕ್ಕದ ಎತ್ತರದ ಜಮೀನು) ನಡುವಿನ ತಗ್ಗಿನಲ್ಲಿ ಏರಿ ಕಟ್ಟಿ ನಾಟಿ ಮಾಡಿದರೆ ತಿಂಗಳುಗಟ್ಟಲೆ ನಿಂತ ನೀರು ನೆಲಕ್ಕಿಳಿಯುತ್ತದೆ, ಬಾವಿಯ ಒರತೆ ಉಳಿಯುತ್ತದೆ. ನಾಟಿಗೆ ಆಳಿಲ್ಲ, ಕಾಡಾನೆ ಕಾಟ, ಭತ್ತಕ್ಕೆ ಬೆಲೆಯಿಲ್ಲ. ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಕೆಲವು ಮನೆ ನಿವೇಶನಕ್ಕೆ ಹೋದವು. ಒಂದು ಎಕರೆ ಗದ್ದೆ ಹೋದಾಗ ಕೆಆರ್‌ಎಸ್‌ನ ಬೇಸಿಗೆಯ ಒಳಹರಿವಿನಲ್ಲಿ ಎಷ್ಟು ಕಡಿಮೆಯಾಯಿತು ಎಂದು ಯಾವ ಮಂಡಳಿಯ ಮುಂದೆಯೂ ಯಾರೂ ಕೇಳುವುದಿಲ್ಲ.

ತೀರ್ಪಿನಲ್ಲಿ ತಿಂಗಳವಾರು ಪಟ್ಟಿಯೊಂದಿದೆ. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ ತಮಿಳುನಾಡು ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲು ತಲುಪಬೇಕು. ಒಟ್ಟು ಹತ್ತು, ನದಿಯ ಪರಿಸರಕ್ಕೆಂದು. ಕೊಡಗಿನಲ್ಲಿ ಮೋಟಾರು ಓಡುವ ತಿಂಗಳುಗಳೂ ಅವೇ. ಭಾಗಮಂಡಲದಿಂದ ಕುಶಾಲನಗರದವರೆಗಿನ ಹೊಳೆಯಲ್ಲಿ ಮಾರ್ಚ್‌ನಲ್ಲಿ ಕನಿಷ್ಠ ಎಷ್ಟು ನೀರು ಹರಿಯುತ್ತಿರಬೇಕು ಎಂಬುದು ಆ ಪಟ್ಟಿಯಲ್ಲಿಲ್ಲ.