ಕಾಲೇಜು ಕ್ಯಾಚರನನ್ನು ಅಳೆಯುವ ಕಷ್ಟ

ಅಮೆರಿಕದ ಕಾಲೇಜು ಬೇಸ್‌ಬಾಲ್ ಪಂದ್ಯಗಳಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಸಾಲುಗಳತ್ತ ಕಣ್ಣು ಹಾಯಿಸಿದರೆ, ಸ್ಟಾಪ್‌ವಾಚ್ ಹಿಡಿದು ಕುಳಿತ ಕೆಲವರು ಕಾಣಿಸುತ್ತಾರೆ. ವೃತ್ತಿಪರ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಅವರು. ಕ್ಯಾಚರನ ಕೈಗವಸಿಗೆ ಚೆಂಡು ಬಡಿದ ‘ಪಟ್’ ಸದ್ದಿಗೆ ಒಮ್ಮೆ ಗುಂಡಿ ಒತ್ತುತ್ತಾರೆ. ಅವನು ಎದ್ದು ಎಸೆದ ಚೆಂಡು ಎರಡನೇ ಬೇಸಿನಲ್ಲಿ ಇನ್ನೊಬ್ಬನ ಕೈಗವಸು ಸೇರಿದ ಕೂಡಲೇ ಇನ್ನೊಮ್ಮೆ. ನಡುವಿನ ದೂರ 127 ಅಡಿಗಿಂತ ತುಸು ಹೆಚ್ಚು. ಎರಡು ಸೆಕೆಂಡು ಎಂದರೆ ಪರವಾಗಿಲ್ಲ, 1.9 ಬಂದರೆ ಹುಡುಗನ ಹೆಸರಿನ ಕೆಳಗೆ ಗೆರೆ ಬೀಳುತ್ತದೆ. ಬೇಸ್ ಕದಿಯಲು, ಅಂದರೆ ಎಸೆತದ ನಡುವೆಯೇ ಮುಂದಿನ ಬೇಸ್ ಸೇರಲು, ಓಡುವವನು ಆ ಹತ್ತನೇ ಒಂದು ಸೆಕೆಂಡಿನಲ್ಲಿ ಸುಮಾರು ಎರಡೂವರೆ ಅಡಿ ದಾಟಿಬಿಡುತ್ತಾನೆ. ‘ಪಾಪ್ ಟೈಮ್’ ಎಂಬ ಈ ಲೆಕ್ಕ ಸುಲಭ, ಖಚಿತ. ಅದನ್ನು ಅತಿಯಾಗಿ ನಂಬಲು ಕಾರಣವೂ ಅದೇ.

ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಎಂದು ಹೇಳಿ ಮುಂದೆ ಹೋಗಬಹುದಿತ್ತು, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಚಂದ್ರಶೇಖರ್ ಏನು ಹಾಕುತ್ತಾರೆಂಬುದನ್ನು ಕಿರ್ಮಾನಿ ಬೌಲರನ ಕೈ ನೋಡಿಯೇ ಓದಬೇಕಿತ್ತು. ಬೇಸ್‌ಬಾಲಿನಲ್ಲಿ ಮುಂದಿನ ಎಸೆತ ಯಾವುದಿರಬೇಕೆಂದು ಕ್ಯಾಚರನೇ ಚೆಂಡೆಸೆಯುವ ಪಿಚರನಿಗೆ ಸೂಚಿಸುತ್ತಾನೆ.

ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಬಂದದ್ದು 1965ರಲ್ಲಿ. ಮರುವರ್ಷವೇ ಕ್ಯಾಚರನ ಮೋಹ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ದುಬಾರಿಯಾಯಿತು. ಮೊದಲ ಆಯ್ಕೆಯಲ್ಲಿ ಅದು ಸ್ಟೀವ್ ಚಿಲ್ಕಾಟ್ ಎಂಬ ಪ್ರೌಢಶಾಲೆಯ ಕ್ಯಾಚರನನ್ನು ಎತ್ತಿಕೊಂಡಿತು. ಎರಡನೇ ಆಯ್ಕೆಯಲ್ಲಿ ಹೋದವರು ರೆಗ್ಗಿ ಜಾಕ್ಸನ್. ಜಾಕ್ಸನ್ 563 ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದರು. ಚಿಲ್ಕಾಟ್ ವೃತ್ತಿಪರ ಆಟದ ಅತ್ಯುನ್ನತ ಹಂತವಾದ ಮೇಜರ್ ಲೀಗಿನ ಮೆಟ್ಟಿಲನ್ನೇ ಹತ್ತಲಿಲ್ಲ. ಕಾಲೇಜು ಮುಗಿಸಿದವನಾದರೆ ಹೆಚ್ಚು ಭರವಸೆ ಎನ್ನೋಣವೇ? 1971ರಲ್ಲಿ ಮೊದಲ ಆಯ್ಕೆಯಾದ ಕ್ಯಾಚರ್ ಡ್ಯಾನಿ ಗುಡ್‌ವಿನ್ ಒಪ್ಪಂದಕ್ಕೆ ಸಹಿ ಹಾಕದೆ ಸದರ್ನ್ ವಿಶ್ವವಿದ್ಯಾಲಯಕ್ಕೆ ಹೋದರು. 1975ರಲ್ಲಿ ಮತ್ತೆ ಮೊದಲ ಆಯ್ಕೆ. ಎರಡು ಸಲ ಆ ಗೌರವ ಪಡೆದವರು ಇನ್ನೊಬ್ಬರಿಲ್ಲ. ಆದರೂ ಮೇಜರ್ ಲೀಗಿನಲ್ಲಿ ಅವರು ಉಳಿದದ್ದು ಬ್ಯಾಟ್ ಹಿಡಿದು, ಕ್ಯಾಚರನ ಮುಖಕವಚ ಧರಿಸಿ ಅಲ್ಲ.

ಕಾಲೇಜಿನ ಸಾಕ್ಷ್ಯಕ್ಕೂ ಕಲಬೆರಕೆ ತಪ್ಪಲಿಲ್ಲ. 1974ರಿಂದ ಅಲ್ಯೂಮಿನಿಯಂ ಬ್ಯಾಟಿಗೆ ಅನುಮತಿ ಸಿಕ್ಕಿತು. ವೃತ್ತಿಪರರು ಬಳಸುವ ಮರದ ಬ್ಯಾಟಿನಲ್ಲಿ ಕೈಗೆ ಸಿಗುವಂಥ ಚೆಂಡು ಲೋಹದ ಬ್ಯಾಟಿನಲ್ಲಿ ಬೇಲಿ ದಾಟುತ್ತಿತ್ತು. 2011ರಲ್ಲಿ ಬ್ಯಾಟಿನ ಪುಟಿತಕ್ಕೆ ಕಡಿವಾಣ ಬೀಳುವವರೆಗೂ ಹುಡುಗನ ಬಲವೆಷ್ಟು, ಬ್ಯಾಟಿನದೆಷ್ಟು ಎಂದು ಬೇರ್ಪಡಿಸುವುದೇ ಸ್ಕೌಟ್‌ಗಳ ತಲೆನೋವು.

ಬಸ್ಟರ್ ಪೋಸಿಯ ವಿಷಯದಲ್ಲಿ ಆ ತಲೆನೋವು ಅಷ್ಟಾಗಿ ಇರಲಿಲ್ಲ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಬಂದವರನ್ನು ತರಬೇತುದಾರರು ಕ್ಯಾಚರ್ ಮಾಡಿದರು. (ದ್ರಾವಿಡ್ ಕೈಗೆ ಕೀಪರನ ಗವಸು ತೊಡಿಸಿದ್ದನ್ನು ಕಂಡ ನಮಗೆ ಈ ಉಪಾಯ ಹೊಸದಲ್ಲ.) 2008ರ ಋತುವಿನಲ್ಲಿ .463 ಬ್ಯಾಟಿಂಗ್ ಸರಾಸರಿ, 26 ಹೋಮ್ ರನ್. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಐದನೇ ಆಯ್ಕೆಯಲ್ಲಿ ಕರೆದುಕೊಂಡು, 2010ರಿಂದ 2014ರೊಳಗೆ ಮೂರು ವಿಶ್ವ ಸರಣಿ ಗೆದ್ದಿತು.

ಅಷ್ಟರಲ್ಲಿ ಅಳತೆಗೋಲೇ ಬದಲಾಯಿತು. ಪ್ರತಿ ಎಸೆತದ ಹಾದಿಯನ್ನು ಕ್ಯಾಮೆರಾಗಳು ದಾಖಲಿಸತೊಡಗಿದ ಮೇಲೆ, 2011ರ ಸುಮಾರಿಗೆ ವಿಶ್ಲೇಷಕರು ‘ಫ್ರೇಮಿಂಗ್’ ಎಂಬ ಹಳೆಯ ಕೈಚಳಕಕ್ಕೆ ಬೆಲೆ ಕಟ್ಟಿದರು. ಮೊಣಕಾಲಿನ ಕೆಳಗೆ ಬಂದ ಚೆಂಡನ್ನು ಹಿಡಿಯುವಾಗಲೇ ಮಣಿಕಟ್ಟನ್ನು ಬೆರಳಗಲ ಮೇಲಕ್ಕೆ ತಂದು ಅಲ್ಲಾಡದಂತೆ ನಿಲ್ಲಿಸಿದರೆ, ಅಂಪೈರ್ ಅದನ್ನು ಸ್ಟ್ರೈಕ್ (ಬ್ಯಾಟರ್ ಹೊಡೆಯಬಹುದಾಗಿದ್ದ ಎಸೆತ, ಹೀಗಾಗಿ ಅವನ ವಿರುದ್ಧದ ಲೆಕ್ಕ) ಎನ್ನುವುದುಂಟು. ಸಭ್ಯ ವಂಚನೆಯೆಂದೇ ನಾನು ಅದನ್ನು ಕರೆಯುವುದು. ಆ ಬೆರಳಗಲದ ಚಲನೆ ಋತುವಿಡೀ ಉಳಿಸುವ ರನ್‌ಗಳು ಭುಜಬಲ ಉಳಿಸುವುದಕ್ಕಿಂತ ಹೆಚ್ಚು ಎಂದು ಲೆಕ್ಕ ತೋರಿಸಿತು. 2020ರಲ್ಲಿ ಜೈಂಟ್ಸ್ ಹದಿಮೂರನೇ ಆಯ್ಕೆಯಲ್ಲಿ ತೆಗೆದುಕೊಂಡ ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಪ್ಯಾಟ್ರಿಕ್ ಬೇಲಿ ಇದೇ ಕಲೆಯಿಂದ ಹೆಸರು ಮಾಡಿದವರು.

ಹಾಗೆಂದು ತಪ್ಪುಗಳು ನಿಲ್ಲಲಿಲ್ಲ. 2018ರ ಡ್ರಾಫ್ಟನ್ನೇ ನೋಡಿ. ಜಾರ್ಜಿಯಾ ಟೆಕ್‌ನ ಕ್ಯಾಚರ್ ಜೋಯಿ ಬಾರ್ಟ್ ಎರಡನೇ ಆಯ್ಕೆಯಾಗಿ ಜೈಂಟ್ಸ್ ಪಾಲಾದರು, ಕೈಗೆ 70 ಲಕ್ಷ ಡಾಲರ್‌ಗೂ ಮಿಕ್ಕಿದ ಹಣ. ಕಾಲೇಜು ತಂಡಗಳಲ್ಲಿ ಎಸೆತಗಳನ್ನು ಸಾಮಾನ್ಯವಾಗಿ ತರಬೇತುದಾರರೇ ಡಗ್‌ಔಟ್‌ನಿಂದ (ಮೈದಾನದಂಚಿನ ತಂಡದ ಆಸನಸ್ಥಳ) ನಿರ್ಧರಿಸುತ್ತಾರೆ. ಬಾರ್ಟ್ ತಾವೇ ನಿರ್ಧರಿಸುತ್ತಿದ್ದರು. ಸ್ಕೌಟ್‌ಗಳಿಗೆ ಅಪರೂಪಕ್ಕೆ ಸಿಗುವ ಸಾಕ್ಷ್ಯವದು. ಅದೇ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ, 90ನೇ ಆಯ್ಕೆಯಾಗಿ ಸಿಯಾಟಲ್‌ಗೆ ಹೋದವರು ಫ್ಲಾರಿಡಾ ಸ್ಟೇಟ್‌ನ ಕ್ಯಾಚರ್ ಕ್ಯಾಲ್ ರಾಲಿ. 2024ರಲ್ಲಿ ಜೈಂಟ್ಸ್ ಬಾರ್ಟ್‌ರನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿತು. 2025ರಲ್ಲಿ ರಾಲಿ 60 ಹೋಮ್ ರನ್ ಹೊಡೆದರು. ಅದುವರೆಗೆ ಯಾವ ಕ್ಯಾಚರನೂ ಒಂದು ಋತುವಿನಲ್ಲಿ 50ನ್ನೂ ಮುಟ್ಟಿರಲಿಲ್ಲ.

ಈಗ ಅಳತೆಗೋಲು ಮತ್ತೆ ಅಲ್ಲಾಡುತ್ತಿದೆ. 2023ರಲ್ಲಿ ಬೇಸ್‌ಗಳು ದೊಡ್ಡವಾದವು, ಓಟಗಾರನನ್ನು ಕಟ್ಟಿಹಾಕಲು ಪಿಚರನಿಗಿದ್ದ ಅವಕಾಶ ಕಡಿಮೆಯಾಯಿತು. ಹಿಂದಿನ ವರ್ಷ 2,486 ಇದ್ದ ಕದ್ದ ಬೇಸ್‌ಗಳು ಒಮ್ಮೆಲೇ 3,503ಕ್ಕೆ ಏರಿದವು. ಸ್ಟಾಪ್‌ವಾಚಿಗೆ ಮತ್ತೆ ಮರ್ಯಾದೆ ಬಂತು. ಇತ್ತ 2026ರ ಋತುವಿಗೆ ಮೇಜರ್ ಲೀಗ್ ಒಪ್ಪಿಕೊಂಡ ಹೊಸ ನಿಯಮದ ಪ್ರಕಾರ ಎಸೆತ ಸ್ಟ್ರೈಕ್ ಹೌದೋ ಅಲ್ಲವೋ ಎಂಬ ಅಂಪೈರರ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು. ಪ್ರಶ್ನಿಸುವ ಹಕ್ಕು ಬ್ಯಾಟರ್, ಪಿಚರ್ ಮತ್ತು ಕ್ಯಾಚರ್‌ಗೆ ಮಾತ್ರ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಉಳಿಯುತ್ತದೆ. ಅಂಪೈರರ ಕಣ್ಣು ತಪ್ಪಿಸಲು ಮಣಿಕಟ್ಟು ತಿರುಗಿಸುತ್ತಿದ್ದವನೇ ಇನ್ನು ಮುಂದೆ, ಚೆಂಡು ನಿಜವಾಗಿ ಎಲ್ಲಿ ಬಿತ್ತೆಂದು ಕ್ಷಣದಲ್ಲಿ ತೀರ್ಮಾನಿಸಿ ಹೆಲ್ಮೆಟ್ ತಟ್ಟಬೇಕು.

ಆ ತೀರ್ಮಾನಶಕ್ತಿಯನ್ನು ಕಾಲೇಜು ಪಂದ್ಯದಲ್ಲಿ ಎಲ್ಲಿ ಹುಡುಕುವುದು? ಹುಡುಗ ಕುಕ್ಕರುಗಾಲಿನಲ್ಲಿ ಕೂರುತ್ತಾನೆ, ಡಗ್‌ಔಟಿನತ್ತ ಕತ್ತು ಹೊರಳಿಸುತ್ತಾನೆ, ಬಂದ ಸೂಚನೆಯನ್ನು ಹಾಗೆಯೇ ಪಿಚರನಿಗೆ ದಾಟಿಸುತ್ತಾನೆ. ಮೇಲಿನ ಸಾಲಿನಲ್ಲಿ ಸ್ಕೌಟ್‌ನ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿರುತ್ತದೆ.