ಫೀಡರ್‌ಗೆ ಈ ವರ್ಷ ಹಕ್ಕಿ ಯಾಕೆ ಕಡಿಮೆ?

ಚಳಿಗಾಲ ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆ ಒಂದೇ. "ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಇಡುವ ಫೀಡರ್ ಹೋದ ವರ್ಷ ತುಂಬಿರುತ್ತಿತ್ತು. ಈ ಸಲ ಹಾಕಿದ ಕಾಳು ಹಾಗೇ ಉಳಿದಿದೆ. ಏನಾಯ್ತು?"

ನಾನು ಮೊದಲು ಕೇಳುವುದು, ಎಣಿಸಿದ್ದು ಹೇಗೆ ಅಂತ. ಉತ್ತರ ಅಮೆರಿಕದ ಹಿತ್ತಲುಗಳಿಗೆ ಬರುವ ಚಿಕಡೀ ಎಂಬ ಪುಟ್ಟ ಹಕ್ಕಿಯನ್ನೇ ನೋಡಿ. ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಹಾರುತ್ತದೆ. ಕೊಂಬೆಯ ಮೇಲೆ ಕೂತು, ಬೀಜವನ್ನು ಕಾಲಲ್ಲಿ ಒತ್ತಿ ಹಿಡಿದು, ಕುಟ್ಟಿ ತಿಂದು ಮತ್ತೆ ಬರುತ್ತದೆ. ಬಂದಾಗಲೆಲ್ಲ ಎಣಿಸಿದರೆ ಒಂದೇ ಹಕ್ಕಿ ಹತ್ತಾಗುತ್ತದೆ ಅಲ್ವಾ? ಅದಕ್ಕೇ ಫೀಡರ್‌ಗೆ ಬರುವ ಹಕ್ಕಿಗಳನ್ನು ಜನರೇ ಚಳಿಗಾಲದಲ್ಲಿ ಎಣಿಸುವ ಪ್ರಾಜೆಕ್ಟ್ ಫೀಡರ್‌ವಾಚ್‌ನಲ್ಲಿ ಒಂದು ಜಾತಿಯ ಹಕ್ಕಿಗಳು ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಒಟ್ಟಿಗೆ ನಾಲ್ಕು ಹಕ್ಕಿ, ಸಂಜೆ ಒಟ್ಟಿಗೆ ಆರು ಹಕ್ಕಿ ಕಂಡರೆ ಲೆಕ್ಕ ಆರು. 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಶುರುವಾದ ಈ ಎಣಿಕೆ 1987ರ ಚಳಿಗಾಲದಿಂದ ಅಮೆರಿಕಕ್ಕೂ ಹಬ್ಬಿತು.

ಏರಿಳಿತಕ್ಕೆ ದೊಡ್ಡ ಕಾರಣ ಕಾಡಿನ ಬೀಜ. ಉತ್ತರದ ಸ್ಪ್ರೂಸ್, ಬರ್ಚ್ ಮರಗಳು ಒಂದು ವರ್ಷ ರಾಶಿ ರಾಶಿ ಬೀಜ ಬಿಡುತ್ತವೆ, ಇನ್ನೊಂದು ವರ್ಷ ಕೈಕೊಡುತ್ತವೆ. ಕೈಕೊಟ್ಟ ವರ್ಷ ಆ ಬೀಜ ತಿನ್ನುವ ಪೈನ್ ಸಿಸ್ಕಿನ್, ರೆಡ್‌ಪೋಲ್ ಹಕ್ಕಿಗಳು ಹಿಂಡುಹಿಂಡಾಗಿ ದಕ್ಷಿಣಕ್ಕೆ ಇಳಿಯುತ್ತವೆ. 2020ರ ಚಳಿಗಾಲ ಹಾಗಿತ್ತು. ಅದರ ಮರುವರ್ಷ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಅವಕ್ಕೆ ಕಾಡಲ್ಲೇ ಹೊಟ್ಟೆ ತುಂಬುತ್ತಿರಬಹುದು. ಹಿಮ ಬಿದ್ದು ನೆಲ ಮುಚ್ಚಿದರೆ ನೆಲದ ಮೇಲೆ ಬೀಜ ಹುಡುಕುವ ಜುಂಕೊ ಹಕ್ಕಿಗಳು ಜಾಸ್ತಿ ಬರುತ್ತವೆ. ಡೇಗೆಯೊಂದು ಹತ್ತಿರದಲ್ಲಿ ಕೂತಿದ್ದರೆ ಆ ಹೊತ್ತಿಗೆ ಯಾವುದೂ ಇಳಿಯುವುದಿಲ್ಲ.

ನನ್ನನ್ನು ಕಾಡುವುದು ರೋಗ. ರೋಗ ಬಂದ ಹೌಸ್ ಫಿಂಚ್ ಮೈ ಉಬ್ಬಿಸಿಕೊಂಡು ಫೀಡರ್ ಮೇಲೇ ಕೂತಿರುತ್ತದೆ. ರೆಪ್ಪೆ ಕೆಂಪಗೆ ಊದಿ, ಕಣ್ಣಿನ ಸುತ್ತ ಅಂಟು ಒಣಗಿರುತ್ತದೆ. ಉಳಿದವು ಪುರ್ರನೆ ಹಾರಿದರೂ ಇದು ಏಳುವುದಿಲ್ಲ. ಅದಕ್ಕೆ ಕಣ್ಣು ಕಾಣಿಸದು, ಪಾಪ. ಕೋಳಿಗಳಲ್ಲಿ ಮೊದಲಿಂದ ಇದ್ದ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾ 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಈ ಹಕ್ಕಿಗಳಲ್ಲಿ ಕಾಣಿಸಿಕೊಂಡು, ಅಮೆರಿಕದ ಪೂರ್ವ ಭಾಗದಲ್ಲಿ ಅವುಗಳ ಸಂಖ್ಯೆಯನ್ನೇ ಇಳಿಸಿತು. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗ್ರೀನ್‌ಫಿಂಚ್‌ಗಳಿಗೆ ಟ್ರೈಕೊಮೊನೋಸಿಸ್ ಎಂಬ ಪರಜೀವಿ ರೋಗ ಇನ್ನೂ ಕೆಟ್ಟದಾಗಿ ಹೊಡೆಯಿತು. ನಾವು ಪ್ರೀತಿಯಿಂದ ಹಾಕುವ ಕಾಳಿನ ಸುತ್ತಲೇ ಸೋಂಕು ಹರಡಬಹುದು.

ಹಾಗಾಗಿ ಎರಡು ವಾರಕ್ಕೊಮ್ಮೆಯಾದರೂ ಫೀಡರ್ ತೊಳೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು. ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೆ ಕಾಳು ತುಂಬಿ. ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಫೀಡರ್ ಇಳಿಸಿಬಿಡಿ.

ಇನ್ನೊಂದು ಮಾತು. ಹಕ್ಕಿ ಬರುತ್ತಿಲ್ಲ ಅಂತ ಎಣಿಕೆ ಮಾತ್ರ ನಿಲ್ಲಿಸಬೇಡಿ. ಉತ್ತರ ಅಮೆರಿಕದಲ್ಲಿ ಈವ್ನಿಂಗ್ ಗ್ರೋಸ್‌ಬೀಕ್ ಎಂಬ ಹಕ್ಕಿ ಕಾಣುವ ಫೀಡರ್‌ಗಳು 1988ರಿಂದ 2006ರೊಳಗೆ ಅರ್ಧಕ್ಕೆ ಇಳಿದವು. ಅದು ಗೊತ್ತಾಗಿದ್ದು, ಆ ಹಕ್ಕಿ ಬಾರದ ಚಳಿಗಾಲಗಳಲ್ಲೂ ಕಿಟಕಿ ಪಕ್ಕ ಕೂತು ಲೆಕ್ಕ ಬರೆದವರು ಇದ್ದದ್ದರಿಂದ.